ಹನಿ ನೀರಿಗೂ ಲೆಕ್ಕ ಇಟ್ಟವರು: ಸರ್ ಎಂ. ವಿಶ್ವೇಶ್ವರಯ್ಯ

 

ಸೆಪ್ಟೆಂಬರ್ 15 ಇಂಜಿನಿಯರುಗಳ ದಿನ. ಪ್ರತಿ ವರ್ಷ ಈ ತಿಂಗಳ ಗೋಡೆ ಪತ್ರಿಕೆಯಲ್ಲಿ ಯಾರಾದರೊಬ್ಬರು ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಬರೆದೇ ಬರೆಯುತ್ತಾರೆ. ಎರಡು ಮೇಣದಬತ್ತಿಯ ಕಥೆ ನಮಗೆಲ್ಲ ಬಾಯಿಪಾಠ ಆಗಿಬಿಟ್ಟಿದೆ. ಆದ್ದರಿಂದ ಅದನ್ನು ನಾನು ಮತ್ತೆ ಬರೆಯೋದಿಲ್ಲ. ಅವರು ನೀರಿಗಾಗಿ ಏನೇನು ಮಾಡಿದರು ಅನ್ನೋದನ್ನು ಬರೆಯುತ್ತೇನೆ. ಇದಕ್ಕೆ ಒಂದು ಕಾರಣ ಇದೆ. ಅದನ್ನು ಮೊದಲೇ ಹೇಳಿಬಿಡ್ತೀನಿ.

ಹೋದ ಮಾರ್ಚ್ ತಿಂಗಳಲ್ಲಿ ಒಂದು ದಿನ ಬಿಸಿಯೂಟ ಆದ ಮೇಲೆ ನಾನು ತಟ್ಟೆ ತೊಳೆದು ನಲ್ಲಿ ಪೂರ್ತಿ ನಿಲ್ಲಿಸದೆ ಕಬಡ್ಡಿ ಆಡೋಕೆ ಓಡಿಹೋಗಿದ್ದೆ. ಯಾರೂ ನೋಡಲಿಲ್ಲ. ರಾತ್ರಿಯೆಲ್ಲಾ ನೀರು ಹರಿದು ಮಾಳಿಗೆ ಮೇಲಿನ ಟ್ಯಾಂಕ್ ಖಾಲಿ ಆಯಿತು. ಬೆಳಿಗ್ಗೆ ಕರೆಂಟೂ ಇರಲಿಲ್ಲ. ಅಡುಗೆಯಮ್ಮಂದಿರು ಇಬ್ಬರೂ ತೋಟದ ಬೋರ್‌ವೆಲ್ಲಿನಿಂದ ತಲೆ ಮೇಲೆ ಬಿಂದಿಗೆ ಹೊತ್ತು ತಂದು ಅಡುಗೆ ಮಾಡಿದರು. ಅವರಲ್ಲಿ ಒಬ್ಬರಿಗೆ ಮಂಡಿ ನೋವು. ಅವತ್ತು ಊಟ ತಡವಾಯಿತು ಅಂತ ಚಿಕ್ಕ ಮಕ್ಕಳು ಅತ್ತರು. ನಾನು ಬಾಯಿ ಬಿಡಲಿಲ್ಲ. ಎರಡು ದಿನ ಆದ ಮೇಲೆ ಹೆಡ್ ಮೇಷ್ಟ್ರ ಹತ್ತಿರ ಹೋಗಿ ನಾನೇ ಸಾರ್ ಅಂತ ಒಪ್ಪಿಕೊಂಡೆ.

ಮೇಷ್ಟ್ರು ಹೊಡೆಯಲಿಲ್ಲ, ಬೈಯಲೂ ಇಲ್ಲ. ಸೋರುತ್ತಿದ್ದ ಇನ್ನೊಂದು ನಲ್ಲಿ ತೋರಿಸಿ, ಅದರ ಕೆಳಗೆ 10 ಲೀಟರಿನ ಬಕೆಟ್ ಇಟ್ಟು ಅದು ತುಂಬೋಕೆ ಎಷ್ಟು ಹೊತ್ತು ಬೇಕು ನೋಡಿ ಬರಿ ಅಂದರು. ಬೆಳಿಗ್ಗೆ 10 ಗಂಟೆಗೆ ಇಟ್ಟ ಬಕೆಟ್ ಮಧ್ಯಾಹ್ನ 1 ಗಂಟೆಗೆ ತುಂಬಿತು. ಅಂದರೆ 3 ಗಂಟೆಗೆ 10 ಲೀಟರ್. ಒಂದು ದಿನಕ್ಕೆ 24 ಗಂಟೆ. ನೀವೇ ಗುಣಿಸಿ ನೋಡಿ, 80 ಲೀಟರ್! ಬರೀ ತೊಟ್ಟಿಕ್ಕೋ ನಲ್ಲಿಯಿಂದ ದಿನಕ್ಕೆ 8 ಬಕೆಟ್ ನೀರು ಮಣ್ಣುಪಾಲು. ಆಮೇಲೆ ಮೇಷ್ಟ್ರು ನನಗೆ ವಿಶ್ವೇಶ್ವರಯ್ಯನವರ ಜೀವನ ಚರಿತ್ರೆಯ ಪುಸ್ತಕ ಕೊಟ್ಟು ಓದು ಅಂದರು. ಓದಿದೆ. ಅಳತೆ ಮಾಡದೆ ನೀರನ್ನು ಉಳಿಸೋಕೆ ಆಗಲ್ಲ, ಉಳಿಸಿದ್ದನ್ನು ಹಂಚದಿದ್ದರೆ ಪ್ರಯೋಜನ ಇಲ್ಲ. ಅವರ ಜೀವನದಿಂದ ನನಗೆ ತಿಳಿದದ್ದು ಇದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಹತ್ತಿರ ಇರುವ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ತಂದೆ ಮೋಕ್ಷಗುಂಡಂ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ತಂದೆ ಸಂಸ್ಕೃತ ಪಂಡಿತರು, ಆದರೆ ಮನೆಯಲ್ಲಿ ಬಡತನ. ವಿಶ್ವೇಶ್ವರಯ್ಯನವರು ಇನ್ನೂ ಹುಡುಗರಾಗಿದ್ದಾಗಲೇ ತಂದೆ ತೀರಿಕೊಂಡರು. ಆ ಸೀಮೆಯಲ್ಲಿ ದೊಡ್ಡ ಹೊಳೆ ಇಲ್ಲ. ನಮ್ಮ ತುಮಕೂರು ಜಿಲ್ಲೆಯ ಹಾಗೆಯೇ ಮಳೆ ಬಂದರೆ ಕೆರೆ, ಕೆರೆ ತುಂಬಿದರೆ ಬೆಳೆ. ನೀರಿನ ಬೆಲೆ ಏನು ಅಂತ ಅಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಓದಿ ಮುಂದಿನ ಓದಿಗೆ ಬೆಂಗಳೂರಿಗೆ ಬಂದರು. ಅಲ್ಲಿ ಅವರ ಸೋದರಮಾವ ಇದ್ದರು. ಓದಿನ ಖರ್ಚಿಗೆ ಬೇರೆ ಮಕ್ಕಳಿಗೆ ಮನೆಪಾಠ ಹೇಳಿಕೊಟ್ಟು ಹಣ ಸಂಪಾದಿಸಿದರು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪಾಸು ಮಾಡಿದರು. ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟು ಪುಣೆಗೆ ಕಳಿಸಿತು. ಅಲ್ಲಿ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲನೆಯವರಾಗಿ ಪಾಸಾದರು. ಮಾರನೇ ವರ್ಷವೇ ಬೊಂಬಾಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಕೆಲಸ ಸಿಕ್ಕಿತು. ಆಗ ಅವರಿನ್ನೂ ತರುಣರು.

ಮೊದಲ ಪರೀಕ್ಷೆ

ಕೆಲಸಕ್ಕೆ ಸೇರಿದ ಹೊಸದರಲ್ಲೇ ಖಾನ್‌ದೇಶದ ಪಾಂಝರಾ ನದಿಗೆ ಅಡ್ಡಲಾಗಿ ಒಂದು ಪೈಪ್ ಸೈಫನ್ ಹಾಕಿಸುವ ಕೆಲಸ ಕೊಟ್ಟರು. ಕಾಲುವೆ ನೀರು ನದಿಯ ತಳದಲ್ಲಿ ಪೈಪಿನೊಳಗೆ ಹೋಗಿ ಆಚೆ ದಡದಲ್ಲಿ ಮೇಲೆ ಬರಬೇಕು. ಅದೋ ಮಳೆಗಾಲ. ನದಿ ಉಕ್ಕುತ್ತಿತ್ತು, ಮರಳು ಬಂದು ತುಂಬಿಕೊಳ್ಳುತ್ತಿತ್ತು. ಮಳೆ ನಿಂತ ಮೇಲೆ ಮಾಡೋಣ ಅಂತ ಮೇಲಧಿಕಾರಿಗೆ ಬರೆದರು. ಅವರು ಒಪ್ಪಲಿಲ್ಲ. ಅಷ್ಟಕ್ಕೆ ವಿಶ್ವೇಶ್ವರಯ್ಯನವರು ಕೈಕಟ್ಟಿ ಕೂರಲಿಲ್ಲ, ಪ್ರವಾಹದಲ್ಲೇ ನಿಂತು ಕೆಲಸ ಮುಗಿಸಿಕೊಟ್ಟರು. ಈ ಸೈಫನ್ ಅನ್ನೋ ಮಾತನ್ನು ನೆನಪಿಟ್ಟುಕೊಳ್ಳಿ. ಕೊನೆಯಲ್ಲಿ ನಮ್ಮ ಕುಣಿಗಲ್ ತಾಲ್ಲೂಕಿಗೆ ಬಂದಾಗ ಮತ್ತೆ ಬೇಕಾಗುತ್ತೆ.

ಕೆಸರು ನೀರನ್ನು ಕುಡಿಯುವ ನೀರು ಮಾಡಿದ್ದು

ಸುಮಾರು 10 ವರ್ಷ ಆದ ಮೇಲೆ ಅವರನ್ನು ಸಿಂಧ್ ಪ್ರಾಂತ್ಯದ ಸಕ್ಕರ್ ಊರಿಗೆ ಕಳಿಸಿದರು. ಅದು ಈಗ ಪಾಕಿಸ್ತಾನದಲ್ಲಿದೆ. ಸಿಂಧೂ ನದಿ ಊರಿನ ಪಕ್ಕದಲ್ಲೇ ಹರಿಯುತ್ತೆ. ಆದರೂ ಜನಕ್ಕೆ ಕುಡಿಯೋಕೆ ಒಳ್ಳೆ ನೀರಿಲ್ಲ. ನದಿ ನೀರು ಪೂರ್ತಿ ಕೆಸರು. ಸೋಸುವ ದೊಡ್ಡ ತೊಟ್ಟಿಗಳನ್ನು ಕಟ್ಟಿಸೋಣ ಅಂದರೆ ಪುರಸಭೆ ಹತ್ತಿರ ದುಡ್ಡಿಲ್ಲ.

ಆಗ ವಿಶ್ವೇಶ್ವರಯ್ಯನವರು ಒಂದು ಉಪಾಯ ಮಾಡಿದರು. ದಡದ ಹತ್ತಿರ ನದಿಯ ಪಾತ್ರದಲ್ಲೇ ಒಂದು ಬಾವಿ ತೋಡಿಸಿದರು. ನದಿ ನೀರು ಮರಳಿನೊಳಗೆ ಇಳಿದು, ಜಿನುಗಿ, ಬಾವಿಗೆ ಬರುವಷ್ಟರಲ್ಲಿ ತಿಳಿಯಾಗಿರುತ್ತಿತ್ತು. ಆ ನೀರನ್ನು ಪಂಪಿನಿಂದ ಗುಡ್ಡದ ಮೇಲಕ್ಕೆ ಏರಿಸಿ, ಅಲ್ಲಿಂದ ಪೈಪಿನಲ್ಲಿ ಊರಿಗೆ ಬಿಟ್ಟರು. 1895ರ ಹೊತ್ತಿಗೆ ಈ ಕೆಲಸ ಮುಗಿಯಿತು.

ಇದನ್ನು ಓದಿ ಹೇಳಿದಾಗ ನಮ್ಮ ಅಜ್ಜಿ ನಕ್ಕರು. ಅಜ್ಜಿಯ ತವರು ಗುಬ್ಬಿ ತಾಲ್ಲೂಕು. ಅವರು ಚಿಕ್ಕವರಿದ್ದಾಗ ಬೇಸಿಗೆಯಲ್ಲಿ ಹಳ್ಳದ ಮರಳು ತೋಡಿ, ಒರತೆಯಲ್ಲಿ ಬರುವ ನೀರನ್ನು ಚಿಪ್ಪಿನಲ್ಲಿ ಮೊಗೆದು ಬಿಂದಿಗೆ ತುಂಬಿಸಿಕೊಂಡು ಬರುತ್ತಿದ್ದರಂತೆ. ನಮ್ಮ ಜಿಲ್ಲೆಯ ಪಾವಗಡ, ಮಧುಗಿರಿ ಕಡೆ ಹೀಗೆ ಮರಳು ನೆಲದಲ್ಲಿ ತಾನಾಗೇ ಒಸರುವ ನೀರಿಗೆ ತಲಪರಿಗೆ ಅಂತ ಕರೆಯುತ್ತಾರೆ. ಮರಳು ನೀರನ್ನು ಸೋಸುತ್ತೆ ಅನ್ನೋದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ಅದನ್ನೇ ವಿಶ್ವೇಶ್ವರಯ್ಯನವರು ಒಂದು ಇಡೀ ಪಟ್ಟಣಕ್ಕೆ ಆಗುವಷ್ಟು ದೊಡ್ಡದಾಗಿ ಮಾಡಿದರು. ಈಗ ನಮ್ಮ ಹಳ್ಳಗಳಲ್ಲಿ ಮರಳೇ ಇಲ್ಲ. ಲಾರಿಗೆ ತುಂಬಿ ಹೊಯ್ದುಬಿಟ್ಟಿದ್ದಾರೆ. ಮರಳು ಹೋದ ಮೇಲೆ ಒರತೆಯೂ ಹೋಯಿತು.

ಎಲ್ಲರಿಗೂ ಸರದಿ

1899ರಲ್ಲಿ ವಿಶ್ವೇಶ್ವರಯ್ಯನವರು ಪುಣೆಗೆ ಬಂದರು. ಅಲ್ಲಿ ಕಾಲುವೆ ನೀರಿನ ದೊಡ್ಡ ಸಮಸ್ಯೆ ಇತ್ತು. ಕಾಲುವೆಯ ಮೊದಲಲ್ಲಿ ಜಮೀನು ಇದ್ದವರು ಬೇಕಾದಷ್ಟು ನೀರು ಬಿಟ್ಟುಕೊಂಡು ಕಬ್ಬು ಬೆಳೆಯುತ್ತಿದ್ದರು. ಕೊನೆಯಲ್ಲಿ ಇದ್ದವರಿಗೆ ನೀರು ಮುಟ್ಟುತ್ತಿರಲಿಲ್ಲ. ಜಾಸ್ತಿ ನೀರು ನಿಂತ ಕಡೆ ಭೂಮಿ ಜೌಗಾಗಿ ಸೊಳ್ಳೆ ಹುಟ್ಟಿ ಜ್ವರ ಬರುತ್ತಿತ್ತು. ಒಂದು ಕಡೆ ಹೆಚ್ಚಾಗಿ ಹಾಳು, ಇನ್ನೊಂದು ಕಡೆ ಇಲ್ಲದೆ ಹಾಳು.

ಅವರು ಬ್ಲಾಕ್ ಪದ್ಧತಿ ಅಂತ ಒಂದು ಹೊಸ ಏರ್ಪಾಡು ತಂದರು. ಜಮೀನನ್ನು ಭಾಗಗಳಾಗಿ ಮಾಡಿ, ಯಾವ ಭಾಗದಲ್ಲಿ ಯಾವ ಬೆಳೆ, ಎಷ್ಟು ನೀರು ಅಂತ ನಿಗದಿ ಮಾಡಿದರು. ಬೆಳೆಯನ್ನು ಸರದಿಯಂತೆ ಬದಲಾಯಿಸಬೇಕು. ಹೀಗೆ ಮಾಡಿದರೆ ಅದೇ ನೀರು ಇನ್ನೂ ಹೆಚ್ಚು ಹಳ್ಳಿಗಳಿಗೆ ಆಗುತ್ತೆ. ಮೊದಮೊದಲು ರೈತರು ಒಪ್ಪಲಿಲ್ಲ. ಪತ್ರಿಕೆಗಳೂ ವಿರೋಧ ಬರೆದವು. ತಮ್ಮ ಪಾಲಿನ ನೀರು ಕಿತ್ತುಕೊಳ್ಳುತ್ತಾರೆ ಅಂತ ಭಯ. ವಿಶ್ವೇಶ್ವರಯ್ಯನವರು ರೈತರನ್ನು ಕರೆಸಿ ಕೂರಿಸಿ ಮಾತಾಡಿದರು, ವಿವರಿಸಿದರು. ನಿಧಾನವಾಗಿ ಒಪ್ಪಿಕೊಂಡರು.

ಇದನ್ನು ಓದುವಾಗ ನನಗೆ ನಮ್ಮೂರೇ ಕಣ್ಣ ಮುಂದೆ ಬಂತು. ಹೋದ ಬೇಸಿಗೆಯಲ್ಲಿ ಮೋಟಾರು ಸುಟ್ಟು ಎಂಟು ದಿನ ನೀರು ಬರಲಿಲ್ಲ. ಆಮೇಲೆ ಬಂದಾಗ ಮೇಲಿನ ಬೀದಿಯವರು ಡ್ರಮ್ಮು, ಬಕೆಟ್ಟು, ಕೊನೆಗೆ ಪಾತ್ರೆ ಪಡಗ ಎಲ್ಲಾ ತುಂಬಿಸಿಕೊಂಡರು. ಕೆಳಗಿನ ಬೀದಿ ನಲ್ಲಿಯಲ್ಲಿ ಬರೀ ಗಾಳಿ ಬಂತು. ನಮ್ಮ ಮನೆ ಕೆಳಗಿನ ಬೀದಿಯಲ್ಲಿ. ನಮ್ಮಮ್ಮನಿಗೂ ಮೇಲಿನ ಬೀದಿಯ ದೊಡ್ಡಮ್ಮನಿಗೂ ಜಗಳ ಆಗಿ ಮಾತು ಬಿಟ್ಟರು. ಹಬ್ಬಕ್ಕೂ ಒಬ್ಬರ ಮನೆಗೆ ಒಬ್ಬರು ಹೋಗಲಿಲ್ಲ. ಕೊನೆಗೆ ನೀರು ಬಿಡುವ ನೀರುಗಂಟಿ ತಾತ ಒಂದು ತೀರ್ಮಾನ ಮಾಡಿದರು. ಒಂದು ದಿನ ಮೊದಲು ಕೆಳಗಿನ ಬೀದಿಗೆ, ಮಾರನೇ ದಿನ ಮೊದಲು ಮೇಲಿನ ಬೀದಿಗೆ. ಗಡಿಯಾರ ನೋಡಿ ಒಂದೊಂದು ಗಂಟೆ. ಮೊದಲು ಎಲ್ಲರೂ ಗೊಣಗಿದರು. ಒಂದು ತಿಂಗಳಲ್ಲಿ ಜಗಳ ನಿಂತುಹೋಯಿತು. ಈಗ ಅಮ್ಮನೂ ದೊಡ್ಡಮ್ಮನೂ ಮತ್ತೆ ಮಾತಾಡ್ತಾರೆ. ನೀರುಗಂಟಿ ತಾತ ವಿಶ್ವೇಶ್ವರಯ್ಯನವರ ಪುಸ್ತಕ ಓದಿಲ್ಲ, ಆದರೆ ಮಾಡಿದ್ದು ಅದನ್ನೇ.

ತಾನಾಗೇ ತೆರೆಯುವ ಬಾಗಿಲು

ಪುಣೆಯ ಹತ್ತಿರ ಖಡಕ್‌ವಾಸ್ಲಾ ಅಂತ ಒಂದು ಜಲಾಶಯ ಇದೆ. ಮಳೆಗಾಲದಲ್ಲಿ ಅದು ತುಂಬಿ ಕೋಡಿ ಬಿದ್ದು ನೀರು ವ್ಯರ್ಥವಾಗಿ ಹೋಗುತ್ತಿತ್ತು. ಬೇಸಿಗೆಯಲ್ಲಿ ಸಾಲುತ್ತಿರಲಿಲ್ಲ. ಕಟ್ಟೆ ಎತ್ತರ ಮಾಡೋಣ ಅಂದರೆ ಹಳೇ ಕಟ್ಟೆ ತಡೆಯುತ್ತೋ ಇಲ್ಲವೋ ಅನ್ನೋ ಭಯ. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಕೂರಿಸುವಂಥ ಬಾಗಿಲುಗಳನ್ನು ಕಂಡುಹಿಡಿದರು. ನೀರು ಗೊತ್ತಾದ ಮಟ್ಟಕ್ಕೆ ಏರಿದರೆ ಬಾಗಿಲು ತಾನಾಗೇ ತೆರೆದುಕೊಳ್ಳುತ್ತೆ. ಪ್ರವಾಹ ಇಳಿದರೆ ತಾನಾಗೇ ಮುಚ್ಚಿಕೊಳ್ಳುತ್ತೆ. 1903ರಲ್ಲಿ ಅವನ್ನು ಅಲ್ಲಿ ಹಾಕಿದರು. ಕಟ್ಟೆ ಎತ್ತರಿಸದೆಯೇ 8 ಅಡಿಯಷ್ಟು ಹೆಚ್ಚಿಗೆ ನೀರು ನಿಲ್ಲಿಸೋಕೆ ಸಾಧ್ಯವಾಯಿತು. ಈ ಬಾಗಿಲಿಗೆ ಪೇಟೆಂಟ್ ಸಿಕ್ಕಿತು. ಅದರಿಂದ ಹಣ ತೆಗೆದುಕೊಳ್ಳಬಹುದಿತ್ತು. ಸರ್ಕಾರದ ಕೆಲಸದಲ್ಲಿದ್ದಾಗ ಮಾಡಿದ್ದು ಅಂತ ಅವರು ತೆಗೆದುಕೊಳ್ಳಲಿಲ್ಲ.

1906ರಲ್ಲಿ ಅವರನ್ನು ಸಮುದ್ರದಾಚೆ ಏಡನ್ ಊರಿಗೆ ಕಳಿಸಿದರು. ಅದು ಅರೇಬಿಯಾದ ತುದಿಯಲ್ಲಿ, ಈಗಿನ ಯೆಮೆನ್ ದೇಶದಲ್ಲಿದೆ. ಅಲ್ಲಿ ಮಳೆಯೇ ಅಪರೂಪ. ಸಮುದ್ರದ ನೀರನ್ನು ಕಾಯಿಸಿ ಆವಿ ಮಾಡಿ, ಅದನ್ನು ತಣಿಸಿ ಕುಡಿಯುತ್ತಿದ್ದರು. ಒಳನಾಡಿನಲ್ಲಿ ಬಾವಿ ತೋಡಿ ಅಲ್ಲಿಂದ ನೀರು ತರುವ ಯೋಜನೆಯನ್ನೂ, ಊರಿನ ಕೊಳಚೆ ನೀರು ಹೊರಗೆ ಹೋಗುವ ಚರಂಡಿ ಯೋಜನೆಯನ್ನೂ ಅವರು ಬರೆದುಕೊಟ್ಟರು. ಇಲ್ಲಿ ಒಂದು ವಿಷಯ ಗಮನಿಸಿ. ಅವರು ನೀರು ಬರುವ ದಾರಿ ಮಾತ್ರ ನೋಡಲಿಲ್ಲ, ಕೊಳಚೆ ಹೋಗುವ ದಾರಿಯನ್ನೂ ನೋಡಿದರು. ಕೊಳಚೆ ಕುಡಿಯುವ ನೀರಿಗೆ ಸೇರಿದರೆ ಕಾಲರಾ, ವಾಂತಿಭೇದಿ ಬರುತ್ತೆ ಅಲ್ಲವೇ?

ಪ್ರವಾಹದ ನೀರೇ ಕುಡಿಯುವ ನೀರಾಯಿತು

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಊರೊಳಗೆ ನುಗ್ಗಿತು. ಸಾವಿರಾರು ಜನ ಸತ್ತರು. ಆಗ ವಿಶ್ವೇಶ್ವರಯ್ಯನವರು ಬೊಂಬಾಯಿ ಸರ್ಕಾರದ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದರು. ನಿಜಾಮರ ಸರ್ಕಾರ ಅವರನ್ನು ಕರೆಸಿಕೊಂಡಿತು. ಅವರು ಎಷ್ಟು ಮಳೆ ಬಿತ್ತು, ಎಲ್ಲಿ ಬಿತ್ತು, ಎಷ್ಟು ಕೆರೆ ಒಡೆಯಿತು ಅಂತ ಲೆಕ್ಕ ಹಾಕಿದರು. ಊರಿನ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ಪ್ರವಾಹ ತಡೆಯಬೇಕು ಅಂತ ಹೇಳಿದರು. ಅದರಂತೆ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ಅಂತ ಎರಡು ಜಲಾಶಯಗಳು 1920ರ ದಶಕದ ಹೊತ್ತಿಗೆ ಆದವು. ಊರನ್ನು ಕೊಚ್ಚಿಕೊಂಡು ಹೋದ ನೀರೇ ಆಮೇಲೆ ಆ ಊರಿನ ಜನಕ್ಕೆ ಕುಡಿಯುವ ನೀರಾಯಿತು.

ಮೈಸೂರಿನ ಸೇವೆ ಮತ್ತು ಕನ್ನಂಬಾಡಿ ಕಟ್ಟೆ

1909ರ ನವೆಂಬರಿನಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆಗಿ ಬಂದರು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು. ಕಾವೇರಿಗೆ ಕನ್ನಂಬಾಡಿಯ ಹತ್ತಿರ ಕಟ್ಟೆ ಕಟ್ಟುವ ಯೋಜನೆ ತಯಾರಾಯಿತು. ಅಷ್ಟು ಖರ್ಚು ಯಾಕೆ ಅಂತ ಆಕ್ಷೇಪ ಬಂತು. ನೀರು ನಿಲ್ಲಿಸುವ ವಿಷಯದಲ್ಲಿ ಮದರಾಸು ಸರ್ಕಾರವೂ ತಕರಾರು ಮಾಡಿತು. ಮಹಾರಾಜರು ಧೈರ್ಯ ಮಾಡಿ ಒಪ್ಪಿಗೆ ಕೊಟ್ಟರು. 1911ರಲ್ಲಿ ಕೆಲಸ ಶುರುವಾಯಿತು. ಸುಣ್ಣ ಮತ್ತು ಸುಟ್ಟ ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಿಂದ ಸುಮಾರು 130 ಅಡಿ ಎತ್ತರದ ಕಟ್ಟೆ ಎದ್ದಿತು. ಸಾವಿರಾರು ಕೂಲಿಕಾರರು ಹಗಲು ರಾತ್ರಿ ದುಡಿದರು. ಅವರಲ್ಲಿ ಎಷ್ಟೋ ಜನಕ್ಕೆ ಮಲೇರಿಯಾ ಬಂತು. ಕನ್ನಂಬಾಡಿಯೂ ಸೇರಿ ಹಲವು ಹಳ್ಳಿಗಳು ಮುಳುಗಿದವು. ಜನ ಮನೆ, ಗದ್ದೆ, ಗುಡಿ ಬಿಟ್ಟು ಎದ್ದು ಬೇರೆ ಕಡೆ ಹೋದರು. ಮಂಡ್ಯದ ಗದ್ದೆಗಳು ಹಸಿರಾದವು ಅನ್ನುವಾಗ ಊರು ಬಿಟ್ಟವರನ್ನೂ ನೆನೆಯಬೇಕು ಅಂತ ನನಗೆ ಅನ್ನಿಸುತ್ತೆ. ಕಟ್ಟೆಯ ಕೆಲಸ ಪೂರ್ತಿ ಆಗಿದ್ದು 1931ರ ಹೊತ್ತಿಗೆ.

ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಅಲ್ಲಿ ಸೇರುತ್ತವೆ. ಇದರಲ್ಲಿ ಹೇಮಾವತಿ ನಮಗೆ ಗೊತ್ತಿರೋ ಹೊಳೆ. ಹಾಸನ ಜಿಲ್ಲೆಯ ಗೊರೂರು ಅಣೆಕಟ್ಟೆಯಿಂದ ಕಾಲುವೆಯಲ್ಲಿ ನಮ್ಮ ಜಿಲ್ಲೆಗೆ ಬರೋದು ಅದೇ ನೀರು. ನಮ್ಮಣ್ಣ ತುಮಕೂರಿನ ಹಾಸ್ಟೆಲಿನಲ್ಲಿ ಇದ್ದು ಓದುತ್ತಾನೆ. ಅವನು ಕುಡಿಯೋ ನೀರು ಹೇಮಾವತಿಯಿಂದ ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ತುಮಕೂರು ನಗರಕ್ಕೆ ಹೋಗುತ್ತೆ. ಪಟ್ಟಣದಲ್ಲಿ ನಲ್ಲಿ ತಿರುಗಿಸುವವರಿಗೆ ಆ ನೀರು ಎಷ್ಟು ದೂರದಿಂದ ನಡೆದು ಬಂದಿದೆ ಅಂತ ಗೊತ್ತಿರಲ್ಲ.

1912ರಿಂದ 1918ರವರೆಗೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು. ಆ ಕಾಲದಲ್ಲಿ ಮೈಸೂರು ಬ್ಯಾಂಕ್, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದವು. ಮಕ್ಕಳಿಗೆ ಕಡ್ಡಾಯ ಶಿಕ್ಷಣದ ಕಾನೂನೂ ಬಂತು. 1915ರಲ್ಲಿ ಸರ್ ಪದವಿ ಸಿಕ್ಕಿತು. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲು ಇಡುವ ವಿಷಯದಲ್ಲಿ ಮಹಾರಾಜರ ಅಭಿಪ್ರಾಯ ಒಂದು, ದಿವಾನರ ಅಭಿಪ್ರಾಯ ಇನ್ನೊಂದು ಆಯಿತು. ಅವರು ದಿವಾನಗಿರಿ ಬಿಟ್ಟರು. ಮಹಾರಾಜರು ಮೀಸಲಾತಿ ಜಾರಿಗೆ ತಂದರು. ದೊಡ್ಡವರ ನಡುವೆಯೂ ಭಿನ್ನಾಭಿಪ್ರಾಯ ಇರುತ್ತೆ. ಅದರಿಂದ ಅವರ ನೀರಿನ ಕೆಲಸ ಸಣ್ಣದಾಗಲ್ಲ.

ಕೊನೆಯವರೆಗೂ ದುಡಿಮೆ

ದಿವಾನಗಿರಿ ಬಿಟ್ಟ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಬೆಂಗಳೂರಿಗೆ ಕುಡಿಯುವ ನೀರು ಸಾಲದೆ ಬಂದಾಗ ಅರ್ಕಾವತಿ ನದಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯ ಕಟ್ಟುವ ಯೋಜನೆಗೆ ದಾರಿ ತೋರಿಸಿದರು. ಅದು ನಮ್ಮ ಪಕ್ಕದ ಮಾಗಡಿ ಸೀಮೆಯಲ್ಲಿದೆ. 1933ರಲ್ಲಿ ಅದರ ನೀರು ಬೆಂಗಳೂರಿಗೆ ಹೋಯಿತು. 90 ವರ್ಷ ದಾಟಿದ ಮೇಲೆ ಕೂಡ ಗಂಗಾ ನದಿಗೆ ಸೇತುವೆ ಎಲ್ಲಿ ಕಟ್ಟಬೇಕು ಅಂತ ನೋಡೋಕೆ ಬಿಹಾರದವರೆಗೆ ಹೋಗಿದ್ದರು. 1955ರಲ್ಲಿ ಭಾರತ ರತ್ನ ಬಂತು. ನೂರು ವರ್ಷ ತುಂಬಿ ಬಾಳಿ 1962ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಹುಟ್ಟಿದ ಊರಾದ ಮುದ್ದೇನಹಳ್ಳಿಯಲ್ಲೇ ಅವರ ಸಮಾಧಿ ಇದೆ.

ನಮ್ಮ ಶಿಂಷಾ, ನಮ್ಮ ಮಾರ್ಕೋನಹಳ್ಳಿ

ಈಗ ನಮ್ಮ ಸೀಮೆಗೆ ಬರೋಣ. ಶಿಂಷಾ ನದಿ ನಮ್ಮ ದೇವರಾಯನದುರ್ಗದ ಬೆಟ್ಟದ ಕಡೆ ಹುಟ್ಟಿ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ತುಂಬಿಸಿ, ಕುಣಿಗಲ್ ತಾಲ್ಲೂಕಿಗೆ ಬರುತ್ತೆ. ಇಲ್ಲಿ ಅದಕ್ಕೆ ಮಾರ್ಕೋನಹಳ್ಳಿ ಅಣೆಕಟ್ಟೆ ಇದೆ. ಇದು ನಾಲ್ವಡಿಯವರ ಕಾಲದ ಯೋಜನೆ. ಇದಕ್ಕೆ ವಿಶ್ವೇಶ್ವರಯ್ಯನವರ ಮಾರ್ಗದರ್ಶನ ಇತ್ತು ಅಂತ ನಮ್ಮ ಕಡೆ ಹಿರಿಯರೆಲ್ಲಾ ಹೇಳ್ತಾರೆ.

ಐದನೇ ಕ್ಲಾಸಿನಲ್ಲಿದ್ದಾಗ ನಮ್ಮನ್ನು ಅಲ್ಲಿಗೆ ಪ್ರವಾಸ ಕರೆದುಕೊಂಡು ಹೋಗಿದ್ದರು, ನೆನಪಿದೆಯಾ? ಅಲ್ಲಿ ಸೈಫನ್ ಇದೆ. ಬಾಗಿಲು ಇಲ್ಲ, ಎತ್ತಿ ಇಳಿಸುವವರೂ ಬೇಕಾಗಿಲ್ಲ. ಅಣೆಕಟ್ಟೆ ತುಂಬಿ ನೀರು ಮೇಲೇರಿದಾಗ ಬಗ್ಗಿದ ಕೊಳವೆಯೊಳಗೆ ನೀರು ನುಗ್ಗಿ ಒಳಗಿನ ಗಾಳಿಯನ್ನು ಹೊರಗೆ ತಳ್ಳುತ್ತೆ. ಆಗ ಅದು ರಭಸದಿಂದ ನೀರನ್ನು ಎಳೆದು ಆಚೆ ಹಾಕುತ್ತೆ. ನೀರಿನ ಮಟ್ಟ ಇಳಿದು ಗಾಳಿ ಒಳಗೆ ಬಂದ ಕೂಡಲೇ ತಾನಾಗೇ ನಿಲ್ಲುತ್ತೆ. ಪೆಟ್ರೋಲ್ ಡಬ್ಬದಿಂದ ಪೈಪಿನಲ್ಲಿ ಎಳೆದು ಬಿಡ್ತಾರಲ್ಲ, ಅದೇ ಲೆಕ್ಕ. ಒಂದು ಎಚ್ಚರಿಕೆ ಮಾತು. ಸೈಫನ್ ಹೇಳಿ ಕೇಳಿ ಶುರುವಾಗೋದಿಲ್ಲ. ಕೆಳಗೆ ಮೊಣಕಾಲುದ್ದ ಇದ್ದ ನೀರು ಕಣ್ಣು ಮುಚ್ಚಿ ತೆಗೆಯೋದರೊಳಗೆ ಆಳು ಮುಳುಗುವಷ್ಟು ಆಗುತ್ತೆ. ಮಳೆಗಾಲದಲ್ಲಿ ಅಣೆಕಟ್ಟೆ ಕೆಳಗೆ ಯಾರೂ ನೀರಿಗೆ ಇಳಿಯಬಾರದು. ಮನೆಯಲ್ಲೂ ಹೇಳಿ.

ಕುಣಿಗಲ್ ದೊಡ್ಡಕೆರೆಯ ಮೇಲೆ ಜನಪದ ಹಾಡೇ ಇದೆ. ನಮ್ಮ ಹಿರಿಯರು ಕೆರೆಯನ್ನು ಅಷ್ಟು ಪ್ರೀತಿ ಮಾಡುತ್ತಿದ್ದರು. ಈಗ ಎಷ್ಟೋ ಊರಿನಲ್ಲಿ ಕೆರೆಗೆ ನೀರು ಬರುವ ಕಾಲುವೆಯನ್ನೇ ಮುಚ್ಚಿದ್ದಾರೆ, ಕೆರೆಯಲ್ಲಿ ಜಾಲಿ ಬೆಳೆದಿದೆ. ಕೆರೆ ತುಂಬದಿದ್ದರೆ ನೆಲದೊಳಗೆ ನೀರು ಇಂಗೋದಿಲ್ಲ. ಅದಕ್ಕೇ ಬೋರ್‌ವೆಲ್ ಸಾವಿರ ಅಡಿ ಕೊರೆದರೂ ಬರೀ ಧೂಳು ಬರುತ್ತೆ. ಆಳದ ನೀರಿನಲ್ಲಿ ಕೆಲವು ಕಡೆ ಫ್ಲೋರೈಡ್ ಇರುತ್ತೆ. ನಮ್ಮ ಜಿಲ್ಲೆಯ ಪಾವಗಡ ಕಡೆ ಇದು ಜಾಸ್ತಿ. ಅದನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತೆ, ಮೂಳೆ ಬಾಗುತ್ತೆ. ಫ್ಲೋರೈಡ್ ನೀರು ಕುದಿಸಿದರೆ ಹೋಗಲ್ಲ. ಕುದಿಸಿದರೆ ಸಾಯೋದು ರೋಗಾಣು ಮಾತ್ರ. ಇದು ಬೇರೆ, ಅದು ಬೇರೆ.

ನಾವೇನು ಮಾಡಬಹುದು?

ನಮಗೆ ಕನ್ನಂಬಾಡಿ ಕಟ್ಟೆ ಕಟ್ಟೋಕೆ ಆಗಲ್ಲ. ಆದರೆ ಲೆಕ್ಕ ಇಡೋಕೆ ಆಗುತ್ತೆ. ಆ ಬಕೆಟ್ ಲೆಕ್ಕವನ್ನು ನಾನು ಕಾಗದದಲ್ಲಿ ಬರೆದು ಹೆಡ್ ಮೇಷ್ಟ್ರಿಗೆ ಕೊಟ್ಟೆ. ಅವರು ಪಂಚಾಯ್ತಿಗೆ ತೋರಿಸಿದರು. ಎರಡೇ ದಿನದಲ್ಲಿ ಹೊಸ ವಾಷರ್ ಹಾಕಿ ನಲ್ಲಿ ಸರಿ ಮಾಡಿದರು. ನೀರು ಸೋರುತ್ತೆ ಅಂತ ಬಾಯಲ್ಲಿ ಎಷ್ಟು ದಿನ ಹೇಳಿದ್ದರೂ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. 80 ಲೀಟರ್ ಅಂತ ಬರೆದು ಕೊಟ್ಟ ಮೇಲೆ ಕೆಲಸ ಆಯಿತು.

ಆದ್ದರಿಂದ ಗೆಳೆಯರೇ, ಈ ತಿಂಗಳು ಒಂದು ಕೆಲಸ ಮಾಡೋಣ.

1. ಪ್ರತಿಯೊಬ್ಬರೂ ತಮ್ಮ ಬೀದಿಯಲ್ಲಿ ಸೋರುವ ನಲ್ಲಿ, ಒಡೆದ ಪೈಪು ಎಷ್ಟಿವೆ ಎಣಿಸಿ ಬನ್ನಿ. ಬಕೆಟ್ ಇಟ್ಟು ಅಳೆಯಿರಿ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಪಂಚಾಯ್ತಿಗೆ ಕೊಡೋಣ.

2. ತಟ್ಟೆ ತೊಳೆದ ನೀರು ಚರಂಡಿಗೆ ಹೋಗುತ್ತಿದೆ. ಅದನ್ನು ಶಾಲೆಯ ತೆಂಗಿನ ಸಸಿ, ನುಗ್ಗೆ ಗಿಡಕ್ಕೆ ತಿರುಗಿಸೋಣ.

3. ಕುಡಿಯುವ ನೀರಿನ ಕೊಡಕ್ಕೆ ಮುಚ್ಚಳ ಇರಲಿ. ಕೈ ಅದ್ದಬೇಡಿ, ಉದ್ದ ಹಿಡಿಯ ಸೌಟಿನಿಂದ ತೆಗೆಯಿರಿ. ಮಳೆಗಾಲದಲ್ಲಿ ಕಾಯಿಸಿ ಆರಿಸಿದ ನೀರು ಕುಡಿಯಿರಿ.

4. ಶಾಲೆಯ ಮಾಳಿಗೆ ಮೇಲೆ ಬೀಳುವ ಮಳೆ ನೀರನ್ನು ಪೈಪಿನಲ್ಲಿ ಇಳಿಸಿ ಇಂಗುಗುಂಡಿಗೆ ಬಿಡಿಸಿಕೊಡಿ ಅಂತ ಮೇಷ್ಟ್ರುಗಳನ್ನು ಕೇಳಿಕೊಳ್ಳೋಣ. ಗುಂಡಿ ತೋಡೋಕೆ ನಾವು ರೆಡಿ.

5. ಊಟ ಆದ ಮೇಲೆ ನಲ್ಲಿ ನಿಂತಿದೆಯೋ ಇಲ್ಲವೋ ಅಂತ ನೋಡೋಕೆ ದಿನಕ್ಕೊಬ್ಬರ ಸರದಿ. ಮೊದಲನೇ ವಾರ ಪೂರ್ತಿ ನನ್ನದು. ತಪ್ಪು ಮಾಡಿದವಳು ನಾನೇ ಅಲ್ಲವೇ!

ಹನಿ ಹನಿ ಕೂಡಿದರೆ ಹಳ್ಳ ಅಂತ ನಾವೆಲ್ಲಾ ಓದಿದ್ದೀವಿ. ಹನಿ ಹನಿ ಸೋರಿದರೆ ಹಳ್ಳವೂ ಬತ್ತುತ್ತೆ ಅನ್ನೋದು ನನಗೆ ಆ ಮಾರ್ಚ್ ತಿಂಗಳಲ್ಲಿ ಗೊತ್ತಾಯಿತು. ವಿಶ್ವೇಶ್ವರಯ್ಯನವರ ಫೋಟೋಗೆ ಹೂವಿನ ಹಾರ ಹಾಕೋದು ಒಳ್ಳೇದೇ. ಹಾರ ಹಾಕಿ ಬಂದು ಕೈ ತೊಳೆದ ಮೇಲೆ ನಲ್ಲಿ ನಿಲ್ಲಿಸೋದನ್ನು ಮಾತ್ರ ಮರೆಯಬೇಡಿ.

ಅಡುಗೆಯಮ್ಮಂದಿರಿಗೆ ನಾನು ಇನ್ನೂ ಕ್ಷಮೆ ಕೇಳಿರಲಿಲ್ಲ. ಅವರಿಬ್ಬರೂ ದಿನಾ ಈ ಗೋಡೆಯ ಮುಂದೆಯೇ ಓಡಾಡುತ್ತಾರೆ. ಇದನ್ನು ಓದಿ ನನ್ನನ್ನು ಕ್ಷಮಿಸಬೇಕು ಅಂತ ಕೇಳಿಕೊಳ್ಳುತ್ತೇನೆ. ಓದೋಕೆ ಬಾರದಿದ್ದರೆ ನಾನೇ ನಿಂತು ಓದಿ ಹೇಳುತ್ತೇನೆ.

ತಪ್ಪಿದ್ದರೆ ಗುರುಗಳು ತಿದ್ದಬೇಕು.

ಇಂತಿ ನಿಮ್ಮ ಗೆಳತಿ,
7ನೇ ತರಗತಿ ವಿದ್ಯಾರ್ಥಿನಿ